ಗೋಡೆಯ ಮೇಲಿನ ಕೋವಿಯ ಲೆಕ್ಕ

ಕೇಳುವವರು: ಒಬ್ಬ ಮನುಷ್ಯ ಆಯುಷ್ಯವಿಡೀ ಬೇಟೆಯಾಡಿದ, ಕೋವಿ ಕೂಡಿಸಿದ ಎಂದಿಟ್ಟುಕೊಳ್ಳಿ. ಅಜ್ಜನ ಕೇಪಿನ ಕೋವಿ, ಅಪ್ಪನ ಜೋಡುನಳಿಗೆ, ತಾನೇ ಕೊಂಡ ರೈಫಲು, ಎಸ್ಟೇಟು ಮಾರಿ ಊರು ಬಿಟ್ಟವರ ಬಂಗಲೆಯಿಂದ ಬಂದ ಇನ್ನೆರಡು. 1983ರ ತನಕ ಒಬ್ಬರ ಹೆಸರಿನಲ್ಲಿ ಇಷ್ಟೇ ಕೋವಿ ಇರಬೇಕೆಂಬ ಮಿತಿ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಇರಲಿಲ್ಲ. ಆ ವರ್ಷದ ತಿದ್ದುಪಡಿ ಮೂರಕ್ಕೆ ನಿಲ್ಲಿಸಿತು, 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಬೇಕೆಂದು ಅದು ಹೇಳಿತು. ಅತ್ತ ಬೇಟೆಯ ಕತೆಯೂ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಾಗಿಲು ಮುಕ್ಕಾಲು ಮುಚ್ಚಿತು, ಉಳಿದ ಕಾಲನ್ನು 1991ರ ತಿದ್ದುಪಡಿ ಮುಚ್ಚಿತು. ಆಡುವುದಕ್ಕೆ ಬೇಟೆಯಿಲ್ಲ, ಇಡುವುದಕ್ಕೆ ಅನುಮತಿಯಿಲ್ಲ. ಹಾಗಿರುವಾಗ ಈ ಕಬ್ಬಿಣವನ್ನು ಒಪ್ಪಿಸಿ ನಿರಾಳವಾಗುವುದು ಬಿಟ್ಟು ಬೇರೆ ಕೆಲಸ ಏನಿದೆ? ಕೊಲ್ಲುವುದಕ್ಕೆಂದೇ ಮಾಡಿದ ವಸ್ತು ಅದು. ಕೊಲ್ಲುವುದು ತಪ್ಪೆಂದು ನಾವೆಲ್ಲ ಒಪ್ಪಿಕೊಂಡ ಮೇಲೂ ಅದಕ್ಕೆ ಎಣ್ಣೆ ಹಚ್ಚಿ ಗೋಡೆಯಲ್ಲಿ ಮೆರೆಸುವುದು ನನಗೆ ಹೇಸಿಗೆ ತರುತ್ತದೆ.

ಹೇಳುವವರು: ಮೆರೆಸುವುದು ನನಗೂ ಬೇಡ. ಆದರೆ ಒಪ್ಪಿಸುವ ಮುನ್ನ ಓದಬೇಕು ಎನ್ನುತ್ತೇನೆ. ಬೇಟೆಯ ಕೋವಿ ಓದಲು ಬರುವ ವಸ್ತು, ಮತ್ತು ಅದನ್ನು ಓದಬಲ್ಲವರು ಆಯುಷ್ಯವಿಡೀ ಅದನ್ನು ಕೂಡಿಸಿದವರೇ. ಒಂದು ಸಾಧಾರಣ ಜೋಡುನಳಿಗೆಯನ್ನೇ ತೆಗೆದುಕೊಳ್ಳಿ. 12 ಬೋರ್ ಎಂದು ಎಲ್ಲರೂ ಹೇಳುತ್ತಾರೆ. ಒಂದು ಪೌಂಡ್ ಸೀಸದಿಂದ 12 ಸಮನಾದ ಉಂಡೆ ಮಾಡಿದರೆ ಅವುಗಳಲ್ಲಿ ಒಂದು ಸರಿಯಾಗಿ ಕೂರುವಷ್ಟು ಅಗಲದ ನಳಿಗೆ ಎಂದು ಆ ಮಾತಿನ ಅರ್ಥ. ಸಂಖ್ಯೆ ಇಳಿದಂತೆ ಗುಂಡು ದಪ್ಪವಾಗುತ್ತದೆ. ಮೈಸೂರು ಸೀಮೆಯಲ್ಲಿ ಆನೆ ಹಿಡಿಸುವ ಕೆಲಸ ನಡೆಸಿ, 1878ರಲ್ಲಿ ತಮ್ಮ 13 ವರ್ಷಗಳ ಅನುಭವದ ಪುಸ್ತಕ ಬರೆದ ಸ್ಯಾಂಡರ್ಸನ್ ಆನೆಯ ಎದುರು 4 ಬೋರಿನ ಕೋವಿ ಹಿಡಿದವರು. ಅಂದರೆ ಒಂದೊಂದು ಗುಂಡೂ ಕಾಲು ಪೌಂಡ್ ಸೀಸ. ಕಪ್ಪು ಮದ್ದಿನ ಕಾಲದಲ್ಲಿ ಗುಂಡಿನ ವೇಗವನ್ನು ಒಂದು ಮಿತಿ ಮೀರಿ ಹೆಚ್ಚಿಸುವ ದಾರಿಯಿರಲಿಲ್ಲ, ಆದ್ದರಿಂದ ತೂಕ ಹೆಚ್ಚಿಸುತ್ತಿದ್ದರು. ಆ ಒಂದು ಅಂಕಿ ಕಂಡರೆ ಸಾಕು, ಅದು ಯಾವ ಕಾಲದ ಕೋವಿ, ಯಾವ ಪ್ರಾಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಎರೆದದ್ದು ಎಂದು ಹೇಳಬಹುದು.

ಇನ್ನು ನಳಿಗೆಯನ್ನು ಬಿಚ್ಚಿ ತಿರುವಿ ಹಾಕಿ. ಅಡಿಭಾಗದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಮುದ್ರೆಗಳಿರುತ್ತವೆ. ಇಂಗ್ಲೆಂಡಿನಲ್ಲಿ ತಯಾರಾದ ಪ್ರತಿಯೊಂದು ಕೋವಿಯೂ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹದಲ್ಲಿ ಅಳತೆ ಮೀರಿದ ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದ ಮೇಲೆ ಹೊಡೆಸಿಕೊಳ್ಳುತ್ತಿದ್ದ ಮುದ್ರೆ ಅದು. 1875ರಿಂದ 1887ರವರೆಗೆ, ತುದಿ ಕಿರಿದಾಗಿಸಿದ ಚೋಕ್ ನಳಿಗೆಗಳ ಮೇಲೆ ‘ನಾಟ್ ಫಾರ್ ಬಾಲ್’ ಎಂದು ಒತ್ತುತ್ತಿದ್ದರು: ಇದರಲ್ಲಿ ಚರೆ ಹಾರಿಸಿ, ಉಂಡೆ ಹಾಕಬೇಡಿ ಎಂಬ ಎಚ್ಚರಿಕೆ. 1887ರ ನಂತರ ಬರೀ ‘ಚೋಕ್’ ಎಂದಾಯಿತು. 1896ರಿಂದ ಹೊಗೆಯಿಲ್ಲದ ನೈಟ್ರೋ ಮದ್ದಿಗೆ ಬೇರೆಯದೇ ಮುದ್ರೆ ಬಂತು. ಈ ಮೂರು ಸಂಗತಿ ತಿಳಿದವನಿಗೆ ಅಂಗಡಿಯ ರಸೀದಿ ಬೇಕಿಲ್ಲ. ತೆಳುವಾದ ಕಬ್ಬಿಣದ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಕಾಯಿಸಿ, ಬಡಿದು ಮಾಡಿದ ಡಮಾಸ್ಕಸ್ ನಳಿಗೆಯ ಮೇಲೆ ನೈಟ್ರೋ ಮುದ್ರೆ ಇಲ್ಲದಿದ್ದರೆ, ಹೊಸ ತೋಟೆ ತುಂಬಿದವನ ಎಡಗೈಗೆ ಅಪಾಯ ಎಂಬುದನ್ನೂ ಆ ಕಬ್ಬಿಣವೇ ಹೇಳುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ರೈಫಲುಗಳ ಅಳತೆ. 1898ರಲ್ಲಿ ಜಾನ್ ರಿಗ್ಬಿಯ ಅಂಗಡಿ ಹೊಗೆಯಿಲ್ಲದ ಮದ್ದಿಗೆಂದು .450 ಅಳತೆಯ ದೊಡ್ಡ ಬೇಟೆಯ ತೋಟೆ ತಂದಿತು. ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೆ ಆ ಅಳತೆಯ ರೈಫಲು ಬರುವುದನ್ನು ತಡೆಯಿತು. ಹಳೆಯ ಮಾರ್ಟಿನಿ ಸೈನಿಕ ಬಂದೂಕಿನ ಗುಂಡೂ ಅದೇ ಅಳತೆಯದು. ಬೇಟೆಗಾರನ ತೋಟೆಯಿಂದ ಬಿಚ್ಚಿದ ಗುಂಡು ದಂಗೆಯೆದ್ದವನ ಕೈ ಸೇರೀತು ಎಂಬ ಭಯ ಅವರಿಗೆ. ಆಗ ಲಂಡನ್ನಿನ ತಯಾರಕರು .465, .470, .475 ಎಂದು ಕೂದಲೆಳೆಯಷ್ಟು ವ್ಯತ್ಯಾಸದ ಹೊಸ ಅಳತೆಗಳನ್ನು ಹುಟ್ಟಿಸಿದರು. ಆನೆಗೆ ಆ ವ್ಯತ್ಯಾಸ ಗೊತ್ತಾಗುವಂಥದ್ದಲ್ಲ. ಅದು ಹುಟ್ಟಿದ್ದು ಆಳುವವರ ಭಯದಿಂದ. ಸ್ವಾತಂತ್ರ್ಯದ ನಂತರವೂ ಅದೇ ಸಾಲು ಮುಂದುವರಿಯಿತು. ಸೈನ್ಯದ .303 ಸಾಮಾನ್ಯರಿಗೆ ನಿಷಿದ್ಧ, ಆದ್ದರಿಂದ ಬಂಗಾಳದ ಇಚ್ಛಾಪುರ ಕಾರ್ಖಾನೆ ಅದೇ ಲೀ-ಎನ್‌ಫೀಲ್ಡ್ ಯಂತ್ರಕ್ಕೆ .315 ನಳಿಗೆ ಕೂರಿಸಿ ಸಾಮಾನ್ಯರಿಗೆ ಮಾರಿತು. ಒಂದು ಕಪಾಟಿನಲ್ಲಿ .470 ಮತ್ತು .315 ಪಕ್ಕಪಕ್ಕ ನಿಂತಿದ್ದರೆ, ಎರಡು ಸರ್ಕಾರಗಳು ಪ್ರಜೆಯನ್ನು ಎಷ್ಟು ನಂಬಿದವು ಎಂಬುದು ಅಲ್ಲಿ ನಿಂತಿದೆ. ಇದನ್ನು ಕುಲುಮೆಗೆ ಹಾಕುವುದೆಂದರೆ ದಾಖಲೆ ಸುಡುವುದು.

ಕೇಳುವವರು: ಸೊಗಸಾಗಿದೆ, ಆದರೆ ಇದೆಲ್ಲ ಕಬ್ಬಿಣದ ವಂಶಾವಳಿ. ಸಂಗ್ರಾಹಕರ ಮಾತು ಯಾವಾಗಲೂ ಇಲ್ಲಿಗೇ ಬಂದು ನಿಲ್ಲುತ್ತದೆ: ಯಾವ ತಯಾರಕ, ಯಾವ ಕೆತ್ತನೆ, ಯಾವ ವಾಲ್ನಟ್ ಮರ. ಕಬ್ಬಿಣ ಎಲ್ಲಿ ಹುಟ್ಟಿತು ಎಂದು ನೀವು ಹೇಳಿದಿರಿ. ಅದರಿಂದ ಏನು ಸತ್ತಿತು ಎಂದು ಹೇಳಲಿಲ್ಲ. ಗಡಿಯಾರ ಕೂಡಿಸುವವನು ಹೀಗೆ ಮಾತಾಡಿದರೆ ನಾನು ಕೇಳುತ್ತಾ ಕೂರುತ್ತೇನೆ, ಏಕೆಂದರೆ ಗಡಿಯಾರ ಸಮಯ ತೋರಿಸಿ ಸುಮ್ಮನಾಗುತ್ತದೆ. ಕೋವಿಯ ಸೊಬಗನ್ನು ಮಾತ್ರ ಹೇಳುವುದು ಅರ್ಧ ಸತ್ಯ. ಅರ್ಧ ಸತ್ಯವನ್ನು ದಾಖಲೆ ಎಂದು ಕರೆಯಬೇಡಿ.

ಹೇಳುವವರು: ನನ್ನ ವಾದದ ನಡುಗಂಬವನ್ನೇ ಮುಟ್ಟಿದಿರಿ. ಕೋವಿಯ ಲೆಕ್ಕ ಎರಡು ಕಡೆ ಬರೆಯಲ್ಪಟ್ಟಿದೆ, ಎರಡನ್ನೂ ಯಾರೂ ಒಟ್ಟಿಗೆ ಹೊಲಿದಿಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಕೋವಿಯ ನಂಬರು, ಅಳತೆ, ಒಡೆಯನ ಹೆಸರು ಇವೆ. ಅದು ಏನನ್ನು ಕೊಂದಿತು ಎಂಬುದಿಲ್ಲ. ಗೋಡೆಯ ಹುಲಿಚರ್ಮಕ್ಕೆ ವನ್ಯಜೀವಿ ಕಾಯ್ದೆಯಡಿ ಮಾಲೀಕತ್ವದ ಪ್ರಮಾಣಪತ್ರ ಇರುತ್ತದೆ. ಯಾವ ಕೋವಿ ಎಂಬುದಿಲ್ಲ. ಮೈಸೂರಿನ ವ್ಯಾನ್ ಇಂಗೆನ್ ಮನೆತನ ಸುಮಾರು ಒಂದು ಶತಮಾನ ಕಾಲ, ಸಾವಿರಾರು ಹುಲಿ-ಚಿರತೆಗಳ ಚರ್ಮ ಹದಮಾಡಿ ಜೀವಂತ ಇರುವಂತೆ ನಿಲ್ಲಿಸಿಕೊಟ್ಟಿತು. ಬಂದ ಚರ್ಮಗಳಿಗೆ ಕ್ರಮಸಂಖ್ಯೆ ಕೊಡುವ ಪದ್ಧತಿ ಅವರದು. ಬೇಟೆಯ ಅಬ್ಬರದ ಏರಿಳಿತವನ್ನು ಅಂಥ ಸಂಖ್ಯೆಗಳಿಂದ ಇವತ್ತು ಲೆಕ್ಕಹಾಕಬಹುದು. ಚರ್ಮಕ್ಕೆ ಸಂಖ್ಯೆ ಇದೆ, ಕೋವಿಗೂ ಸಂಖ್ಯೆ ಇದೆ. ಈ ಎರಡು ಸಂಖ್ಯೆಗಳ ನಡುವಿನ ಗಂಟು ಇರುವುದು ಆಯುಷ್ಯವಿಡೀ ಬೇಟೆಯಾಡಿದವನ ನೆನಪಿನಲ್ಲಿ, ಅವನ ಡೈರಿಯಲ್ಲಿ. ಸಂಗ್ರಹವನ್ನು ಉಳಿಸಬೇಕು ಎಂದಾಗ ನಾನು ಕೇಳುತ್ತಿರುವುದು ಆ ಗಂಟನ್ನು. ಅದಿಲ್ಲದ ಕಪಾಟು ಬರೀ ಆಸ್ತಿ.

ಗಂಟು ಸಿಕ್ಕರೆ ಏನು ತಿಳಿಯುತ್ತದೆ ನೋಡಿ. ಮಲೆನಾಡಿನ ಕೇಪಿನ ಕೋವಿಗೆ ಬಾಯಿಯಿಂದ ಮದ್ದು ಸುರಿದು, ಕತ್ತ ತುರುಕಿ, ಚರೆಯೋ ಗುಂಡೋ ಹಾಕಿ, ಗಜದಿಂದ ಜಡಿದು, ಆಮೇಲೆ ಕೇಪು ಕೂರಿಸಬೇಕು. ಒಂದು ಈಡು ತಪ್ಪಿದರೆ ಎರಡನೆಯದು ಸಿದ್ಧವಾಗುವಷ್ಟರಲ್ಲಿ ಹಂದಿ ಗುಡ್ಡ ಹತ್ತಿರುತ್ತದೆ. ಜಡಿಮಳೆಯಲ್ಲಿ ಮದ್ದು ತೇವವಾದರೆ ಕೇಪು ಬರೀ ಚಟ್ಟೆನ್ನುತ್ತದೆ. ಆ ಕೋವಿಯಲ್ಲಿ ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇದ್ದದ್ದು ಬೇಟೆಗಾರನ ದಯೆಯಿಂದಲ್ಲ, ಯಂತ್ರದ ನಿಧಾನದಿಂದ. ಹಿಂದಿನಿಂದ ಮುರಿದು ತೋಟೆ ತುಂಬುವ ಜೋಡುನಳಿಗೆ ಬಂತು. ಖಾಲಿ ತೋಟೆಯನ್ನು ತಾನೇ ಎಗರಿಸುವ ಕೀಲು ಬಂತು. ನಳಿಗೆಗೆ ಕಟ್ಟುವ ಬ್ಯಾಟರಿ ಬಂತು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜೀಪು ಬಂತು. ಒಂದೊಂದೂ ಬಂದಾಗ ಪ್ರಾಣಿಯ ಪಾಲಿನ ಅವಕಾಶ ಒಂದಿಷ್ಟು ಕಡಿಮೆಯಾಯಿತು. ಈ ಮಾತನ್ನು ವಾದವಾಗಿ ಹೇಳಿದರೆ ಯಾರಾದರೂ ಅಲ್ಲಗಳೆಯಬಹುದು. ಮೂರು ತಲೆಮಾರಿನ ಕೋವಿಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದರ ಪಕ್ಕದಲ್ಲಿ ಅದು ಬಲಿತೆಗೆದುಕೊಂಡ ಪ್ರಾಣಿಗಳ ಪಟ್ಟಿಯನ್ನು ವರ್ಷದೊಂದಿಗೆ ಇಟ್ಟರೆ ಅಲ್ಲಗಳೆಯುವುದು ಕಷ್ಟ.

1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ಮಹಾರಾಜ ಒಂದೇ ರಾತ್ರಿ, ವಾಹನದ ಬೆಳಕಿನಲ್ಲಿ, ಮೂರು ಗಂಡು ಚೀತಾಗಳನ್ನು ಹೊಡೆದ. ಭಾರತದ ಕಾಡಿನ ಚೀತಾಗಳ ಕೊನೆಯ ಖಚಿತ ದಾಖಲೆ ಅದು. 1952ರಲ್ಲಿ ಆ ಪ್ರಾಣಿ ದೇಶದಿಂದ ಅಳಿದುಹೋಯಿತೆಂದು ಘೋಷಿಸಿದರು. ನಮಗೆ ಇದು ಗೊತ್ತಾದದ್ದು ಹೇಗೆ? ಕೊಂದವರ ಕಡೆಯಿಂದಲೇ ಚಿತ್ರವೂ ವಿವರವೂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದದ್ದರಿಂದ. ಹೆಮ್ಮೆಯಿಂದ ಕಳಿಸಿದ ಆ ಕಾಗದ ಇವತ್ತು ಆರೋಪಪಟ್ಟಿಯಂತೆ ಓದಿಸಿಕೊಳ್ಳುತ್ತದೆ. ಅದನ್ನು ನಾಚಿಕೆಯಿಂದ ಸುಟ್ಟಿದ್ದರೆ ನಾವು ಹೆಚ್ಚು ಶುದ್ಧರಾಗುತ್ತಿರಲಿಲ್ಲ, ನಮ್ಮ ಕೈಯಲ್ಲಿ ದಾಖಲೆ ಇಲ್ಲದೆ ಹೋಗುತ್ತಿತ್ತು ಅಷ್ಟೆ.

ಕೇಳುವವರು: ಈ ದಾರಿ ಎಲ್ಲಿಗೆ ಹೋಗುತ್ತದೆಂದು ನನಗೆ ಕಾಣುತ್ತಿದೆ. ಮುಂದೆ ನೀವು ಜಿಮ್ ಕಾರ್ಬೆಟ್ಟರ ಹೆಸರು ಹೇಳುತ್ತೀರಿ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ನರ ಹೆಸರು ಹೇಳುತ್ತೀರಿ. ಗಾಳಿಕೋವಿಯಿಂದ ಗುಬ್ಬಚ್ಚಿ ಹೊಡೆದ ಹುಡುಗ ಸಲೀಂ ಅಲಿ ಆದ ಕತೆ ಬರುತ್ತದೆ. ಮೈಸೂರು ಅರಸರ ಬೇಟೆಯ ಕಾಡು 1930ರ ದಶಕದಲ್ಲಿ ವೇಣುಗೋಪಾಲ ವನ್ಯಧಾಮವಾಗಿ, 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲೊಂದಾದ ಬಂಡೀಪುರವಾಯಿತು ಎನ್ನುತ್ತೀರಿ. ಕೊನೆಗೆ, ಬೇಟೆಗಾರರಿಂದಲೇ ಕಾಡು ಉಳಿಯಿತು ಎಂಬಲ್ಲಿ ಮುಟ್ಟುತ್ತೀರಿ. ಈ ಮಾತನ್ನು ನಾನು ಎಷ್ಟು ಸಲ ಕೇಳಿದರೂ ಒಪ್ಪಲಾರೆ. ಬೇಲಿ ಹಾಕಿದವನು ಮೇಯಿಸಿದ್ದನ್ನು ಮರೆತು ಬೇಲಿಗೆ ಹೊಗಳಿಕೆ ಕೇಳಿದಂತೆ ಅದು.

ಹೇಳುವವರು: ನಾನೂ ಆ ಹೊಗಳಿಕೆ ಕೇಳುತ್ತಿಲ್ಲ. ಅರಸನ ಬೇಟೆಗೆ ಮೀಸಲಾದ ಕಾಡು ಉಳಿದದ್ದು ನಿಜ, ಆದರೆ ಅದು ಉಳಿದದ್ದು ಉಳಿದವರೆಲ್ಲರನ್ನೂ ಹೊರಗಿಟ್ಟು. ಐದನೆಯ ಜಾರ್ಜ್ 1911ರಲ್ಲಿ ನೇಪಾಳದ ತರಾಯಿಯಲ್ಲಿ ಸುಮಾರು ಹತ್ತು ದಿನಗಳಲ್ಲಿ 39 ಹುಲಿಗಳನ್ನು ಕೊಂದ ತಂಡದ ನಾಯಕನಾಗಿದ್ದ. ಅಲ್ಲಿ ಕಾಡು ಕಾಯುವ ಮನಸ್ಸು ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಬೇಟೆಗಾರನ ಪುಣ್ಯ ಎಷ್ಟು ಎಂಬ ಪ್ರಶ್ನೆಯನ್ನೇ ನಾನು ಕೈಬಿಡುತ್ತೇನೆ. ನನ್ನ ಪ್ರಶ್ನೆ ಅವನ ಸಾಕ್ಷ್ಯ ಎಷ್ಟು ಎಂಬುದು. ಸಾಕ್ಷಿ ಹೇಳುವವನು ಪುಣ್ಯವಂತನಾಗಿರಬೇಕಿಲ್ಲ, ಕಂಡವನಾಗಿದ್ದರೆ ಸಾಕು.

ಕಾರ್ಬೆಟ್ಟರ ಹೆಸರು ನೀವೇ ತಂದಿರಿ, ಆದ್ದರಿಂದ ಅವರ .275 ರಿಗ್ಬಿ ರೈಫಲಿನ ಮಾತು ಹೇಳುತ್ತೇನೆ. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದದ್ದಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಅವರಿಗೆ ಕೊಟ್ಟದ್ದು ಅದು. ಮರದ ಹಿಡಿಯಲ್ಲಿ ಕೂರಿಸಿದ ಪುಟ್ಟ ಬೆಳ್ಳಿ ತಗಡಿನಲ್ಲಿ ಕೊಟ್ಟವನ ಹೆಸರು, ಪಡೆದವನ ಹೆಸರು, ಪ್ರಾಣಿ, ಊರು, ವರ್ಷ ಎಲ್ಲವೂ ಇವೆ. ಪ್ರಪಂಚದಲ್ಲಿ ಆ ಅಳತೆಯ ರೈಫಲುಗಳು ಬೇಕಾದಷ್ಟಿವೆ. ಇದೊಂದನ್ನು ನೋಡಲು ಜನ ಸಾಲು ನಿಲ್ಲುವುದು ಆ ತಗಡಿಗಾಗಿ. ಬರೆದಿಟ್ಟ ಒಂದು ಸಾಲು ಕಬ್ಬಿಣವನ್ನು ಇತಿಹಾಸ ಮಾಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಆಂಡರ್ಸನ್ನರ .405 ವಿಂಚೆಸ್ಟರ್ ನಮಗೆ ಪರಿಚಿತವಾದದ್ದೂ ಅವರು ಬರೆದದ್ದರಿಂದ, ಪೂರ್ಣಚಂದ್ರ ತೇಜಸ್ವಿ ಆ ಬರಹಗಳನ್ನು ಕನ್ನಡದ ಕಾಡಿನ ಕತೆಗಳನ್ನಾಗಿ ಮಾಡಿದ್ದರಿಂದ. ದಕ್ಷಿಣ ಕನ್ನಡದ ಕೆದಂಬಾಡಿ ಜತ್ತಪ್ಪ ರೈ ತಮ್ಮ ಬೇಟೆಯ ನೆನಪುಗಳನ್ನು ಕನ್ನಡದಲ್ಲೇ ಬರೆದಿಟ್ಟರು. ಅಂಥವರು ಎಷ್ಟು ಮಂದಿ? ಮಲೆನಾಡಿನ, ಕರಾವಳಿಯ, ಕೊಡಗಿನ ಮನೆಮನೆಯ ಗೋಡೆಯಲ್ಲೂ ಕೋವಿಯಿತ್ತು. ಬರೆದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಕೇಳುವವರು: ಬರೆದವರು ಕಡಿಮೆ ಎಂದು ನೀವು ಕೊರಗುತ್ತೀರಿ. ನನ್ನ ಕೊರಗು ಬೇರೆ. ಬರೆದವರು ಯಾರನ್ನು ಬಿಟ್ಟು ಬರೆದರು ಎಂಬುದು. ಆ ಬೆಳ್ಳಿ ತಗಡಿನಲ್ಲಿ ಇಬ್ಬರು ಸಾಹೇಬರ ಹೆಸರಿದೆ. ಹುಲಿಯನ್ನು ಗುಡ್ಡದಿಂದ ಇಳಿಸಲು ತಮಟೆ ಬಡಿದು, ಕಲ್ಲು ಉರುಳಿಸಿ, ಜೀವ ಅಂಗೈಯಲ್ಲಿ ಹಿಡಿದು ನಿಂತ ಹಳ್ಳಿಯವರ ಹೆಸರಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು, ಕಾಕನಕೋಟೆಯಲ್ಲಿ ಜೇನುಕುರುಬರು ಹೆಜ್ಜೆ ನೋಡಿ, ವಾಸನೆ ಹಿಡಿದು, ಮುರಿದ ಕಡ್ಡಿಯ ಹಸಿ ನೋಡಿ ದಾರಿ ತೋರಿಸದಿದ್ದರೆ ಯಾವ ಸಾಹೇಬನ 4 ಬೋರೂ ಆನೆಯನ್ನು ಕಾಣುತ್ತಿರಲಿಲ್ಲ. 1878ರ ಕಾಯ್ದೆಯ ಮೇಲೆ ಕೋವಿಗೆ ಲೈಸೆನ್ಸ್ ಬೇಕಾಯಿತು. ಅದು ಸಿಕ್ಕಿದ್ದು ಜಮೀನು, ಹೆಸರು, ಕಚೇರಿಯಲ್ಲಿ ಪರಿಚಯ ಇದ್ದವರಿಗೆ. ಕಾಡನ್ನು ಬಲ್ಲವನ ಕೈಗೆ ಕೋವಿ ಬರಲಿಲ್ಲ, ಬಂದರೆ ಅವನು ಕಳ್ಳಬೇಟೆಗಾರನಾದ. ಈಗ ನೀವು ಕೋವಿಯನ್ನು ದಾಖಲೆ ಮಾಡಲು ಹೊರಟರೆ ಒಡೆಯನ ಕತೆಯನ್ನೇ ಇನ್ನೊಂದು ಸಲ, ಈ ಬಾರಿ ಇತಿಹಾಸ ಎಂಬ ಗೌರವದೊಂದಿಗೆ, ಬರೆಯುತ್ತೀರಿ. ಇದಕ್ಕೆ ಉತ್ತರ ಹೇಳಿ.

ಹೇಳುವವರು: ಇದಕ್ಕೆ ಬಲವಾದ ಉತ್ತರ ನನ್ನಲ್ಲಿಲ್ಲ, ನಿಮ್ಮ ಮಾತು ಸರಿ ಎಂಬುದೇ ಉತ್ತರ. ನನ್ನ ವಾದವನ್ನು ಇಲ್ಲಿ ತಿದ್ದಿಕೊಳ್ಳಬೇಕು. ಕೋವಿಯ ಲೆಕ್ಕವೆಂದರೆ ಯಾರು ಹೊಡೆದ, ಏನನ್ನು ಹೊಡೆದ ಎಂದು ನಾನು ಇಷ್ಟು ಹೊತ್ತು ಹೇಳಿದೆ. ಯಾರ ಕಣ್ಣಿನಿಂದ ಹೊಡೆದ ಎಂಬುದೂ ಅದರಲ್ಲಿ ಸೇರಬೇಕು. ಇದು ಅಸಾಧ್ಯವಲ್ಲ. ಆಂಡರ್ಸನ್ನರ ಪುಸ್ತಕಗಳಲ್ಲಿ ಬೈರ, ರಂಗ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಓದಿದವರಿಗೆ ಅವರು ಸಾಹೇಬರಷ್ಟೇ ನೆನಪಿರುತ್ತಾರೆ, ಏಕೆಂದರೆ ಅಲ್ಲಿ ಹೆಸರಿದೆ, ಮಾತಿದೆ, ಕಾಡಿನ ಬಗ್ಗೆ ಅವರ ತೀರ್ಮಾನ ಇದೆ. ಒಬ್ಬ ಬೇಟೆಗಾರ ಮನಸ್ಸು ಮಾಡಿದರೆ ಬರೆಯಬಹುದಿತ್ತು ಎಂಬುದಕ್ಕೆ ಅದು ಪುರಾವೆ. ಉಳಿದವರು ಬರೆಯದೇ ಹೋದದ್ದಕ್ಕೂ ಅದೇ ಪುರಾವೆ.

ಇದಕ್ಕಿಂತ ಹಳೆಯ, ನಮ್ಮದೇ ಆದ ಇನ್ನೊಂದು ಲೆಕ್ಕವಿದೆ. ಅದು ಕಾಗದದಲ್ಲಿ ಇರಲಿಲ್ಲ, ಮಾಂಸದ ಪಾಲಿನಲ್ಲಿತ್ತು. ಮಲೆನಾಡಿನ ಹಂದಿಬೇಟೆಯಲ್ಲಿ ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಹೊಂಚಿನ ಜಾಗಕ್ಕೆ, ಕೂತವರು ಬೆರಳೆಣಿಕೆ, ಹಳು ನುಗ್ಗಿ ಕೂಗು ಹಾಕಿ ಪ್ರಾಣಿ ಎಬ್ಬಿಸಿದವರು ಹಲವರು. ಹಂದಿ ಬಿದ್ದ ಮೇಲೆ ಪಾಲು ಮಾಡುವಾಗ ಮೊದಲ ಈಡಿನವನಿಗೆ ಇಷ್ಟು, ಹಳುವಿನವರಿಗೆ ಇಷ್ಟು, ತಡೆದು ನಿಲ್ಲಿಸಿದ ನಾಯಿಗೂ ಇಷ್ಟು ಎಂಬ ಕಟ್ಟಳೆ ಇತ್ತು. ಊರಿಂದ ಊರಿಗೆ ವಿವರ ಬೇರೆ, ತತ್ವ ಒಂದೇ: ಈ ಸಾವಿಗೆ ಕಾರಣರಾದವರು ಇಷ್ಟು ಮಂದಿ ಎಂದು ಎಲ್ಲರ ಎದುರು ಒಪ್ಪಿಕೊಳ್ಳುವುದು. ಪಾಲು ತಪ್ಪಿದರೆ ಜಗಳವಾಗುತ್ತಿತ್ತು. ಆ ಜಗಳವೇ ಲೆಕ್ಕ ನೇರವಾಗಿದ್ದುದರ ಗುರುತು. ಈ ಪಾಲಿನಲ್ಲೂ ಜಾತಿಯ ಮೇಲುಕೀಳು ಇತ್ತು, ಅದನ್ನು ಮುಚ್ಚಿಡುವುದು ಬೇಡ. ಆದರೂ ಬೆಳ್ಳಿ ತಗಡಿಗಿಂತ ಆ ಪಾಲಿನ ಪಟ್ಟಿ ಉದ್ದವಾಗಿತ್ತು. ಕೋವಿಯ ಬರಹಕ್ಕೆ ಮಾದರಿ ಬೇಕಾದರೆ ಬೇಟೆಯ ಲೆಕ್ಕ ಬರೆಯುವ ಲಂಡನ್ನಿನ ಗೇಮ್ ಬುಕ್ ಬೇಡ, ಈ ಪಾಲಿನ ಪಟ್ಟಿಯನ್ನು ತೆಗೆದುಕೊಳ್ಳಬೇಕು.

ಕೇಳುವವರು: ಅಷ್ಟು ಒಪ್ಪಿದಿರಿ, ಸಂತೋಷ. ಈಗ ಕೊನೆಯ ತಕರಾರು, ಬಹಳ ಸರಳವಾದದ್ದು. ಕೋವಿ ಪುಸ್ತಕವಲ್ಲ. ಮನೆಯಲ್ಲಿ ಪುಸ್ತಕವಿದ್ದರೆ ಯಾರೂ ಸಾಯುವುದಿಲ್ಲ. ಕೋವಿ ಇರುವ ಮನೆಯಲ್ಲಿ ಕುಡಿತ ಇರಬಹುದು, ಜಮೀನಿನ ವ್ಯಾಜ್ಯ ಇರಬಹುದು, ಮನಸ್ಸು ಕುಸಿದ ಹುಡುಗನಿರಬಹುದು. ಒರೆಸುವಾಗ ಹಾರಿದ ಗುಂಡಿನ ಸುದ್ದಿ ಪತ್ರಿಕೆಯಲ್ಲಿ ಹೊಸದಲ್ಲ. ಬೆಳೆ ರಕ್ಷಣೆಗೆಂದು ಪಡೆದ ಕೋವಿ ರಾತ್ರಿ ಕಾಡಿಗೆ ಹೋಗುವುದೂ ಹೊಸದಲ್ಲ. ಅಧ್ಯಯನಕ್ಕೆ ಬೇಕೆಂದಾದರೆ ಫೋಟೋ ತೆಗೆಯಿರಿ, ಅಳತೆ ಬರೆದುಕೊಳ್ಳಿ. ವಸ್ತುವೇ ಏಕೆ ಬೇಕು?

ಹೇಳುವವರು: ಅಪಾಯದ ಮಾತಿನಲ್ಲಿ ನಾನು ಕಾನೂನಿನ ಪರ. ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಯಲ್ಲಿಡುವುದು ಕರಾವಳಿಯ, ಮಲೆನಾಡಿನ ಕೃಷಿಕನಿಗೆ ಕಿರಿಕಿರಿ. ಅಡಿಕೆ, ಬಾಳೆಗೆ ಮಂಗ, ಹಂದಿ ನುಗ್ಗುವ ಕಾಲದಲ್ಲಿ ಆ ಕಿರಿಕಿರಿ ನಷ್ಟವೂ ಹೌದು. ಆದರೂ ಒಂದು ಜೀವದ ಎದುರು ಒಂದು ತೋಟದ ಬೆಳೆ ಇಟ್ಟು ತೂಗಲಾರೆ. ನಾನು ಉಳಿಸಬೇಕೆನ್ನುವ ಕೋವಿ ಹಾರಬೇಕಿಲ್ಲ. ದುರಸ್ತಿ ಮಾಡಿದರೂ ಹಾರಲಾರದ, ಹಳೆಯ ಮಾದರಿಯ ಅಥವಾ ಪ್ರಾಚೀನ ಮೌಲ್ಯದ ಆಯುಧವನ್ನು ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ತನ್ನ ಹಿಡಿತದಿಂದ ಹೊರಗಿಡುತ್ತದೆ. ಲೈಸೆನ್ಸ್ ಇರುವ ಆಯುಧ ತಯಾರಕನಿಂದ, ಅಧಿಕಾರಿಗಳ ಒಪ್ಪಿಗೆ ಪಡೆದು, ಕೋವಿಯನ್ನು ಇನ್ನೆಂದೂ ಹಾರದ ಹಾಗೆ ಮಾಡಿಸಬಹುದು. ಹಾಗೆ ಮಾಡಿದರೂ ಮುದ್ರೆ ಉಳಿಯುತ್ತದೆ, ನಂಬರು ಉಳಿಯುತ್ತದೆ, ಕೆನ್ನೆ ಒರಗಿ ಒರಗಿ ನುಣುಪಾದ ಮರ ಉಳಿಯುತ್ತದೆ. ಅದನ್ನು ಮನೆಯಲ್ಲೇ ಇಡಬೇಕೆಂಬ ಹಟವೂ ನನಗಿಲ್ಲ. ಜಿಲ್ಲೆಯ ವಸ್ತುಸಂಗ್ರಹಾಲಯವೋ ವಿಶ್ವವಿದ್ಯಾಲಯವೋ ತೆಗೆದುಕೊಳ್ಳುವುದಾದರೆ ಇನ್ನೂ ಒಳ್ಳೆಯದು. ಹಾರದ ಕೋವಿ ಸತ್ತ ಕೋವಿ ಎಂದು ಸಂಗ್ರಾಹಕರು ಮುಖ ಸಿಂಡರಿಸುತ್ತಾರೆ. ಹಾರಿದಾಗ ಸತ್ತದ್ದು ಯಾರು ಎಂದು ಅವರಿಗೆ ನೆನಪಿಸಬೇಕು.

ಫೋಟೋ ಸಾಲದೇ ಎಂದಿರಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ತಯಾರಾದ ಬೇಟೆಕೋವಿಗಳನ್ನು ನೆನೆಸಿಕೊಳ್ಳಿ. ಅವುಗಳ ಮೈಮೇಲೆ ಬಬ್ರಿ ಎಂಬ ಹುಲಿಪಟ್ಟೆ ಇದೆ, ಕುಶಲಕರ್ಮಿಯ ಹೆಸರಿದೆ, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಲೆಕ್ಕದ ವರ್ಷವಿದೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಲೂಟಿಯಾಗಿ ಇಂಗ್ಲೆಂಡಿಗೆ ಹೋದ ಅವುಗಳಲ್ಲಿ ಹಲವು ಇಂದಿಗೂ ಅಲ್ಲಿನ ಅರಮನೆಯ ಸಂಗ್ರಹದಲ್ಲಿ, ಹರಾಜುಮನೆಗಳ ಪುಸ್ತಕದಲ್ಲಿ ಕಾಣಿಸುತ್ತವೆ. ಅವುಗಳ ಚಿತ್ರ ನಮಗೆ ಬೇಕಾದಷ್ಟು ಸಿಕ್ಕಿದೆ. ಮೈಸೂರಿನ ಕಮ್ಮಾರ ನಳಿಗೆಯನ್ನು ಹೇಗೆ ಬೆಸೆದ ಎಂಬುದು ಚಿತ್ರದಲ್ಲಿ ಸಿಗುವುದಿಲ್ಲ. ಅದಕ್ಕೆ ಲೋಹ ಕೈಗೆ ಬರಬೇಕು, ತೂಗಬೇಕು, ನಳಿಗೆಯ ಒಳಗೆ ಬೆಳಕು ಹಾಯಿಸಿ ನೋಡಬೇಕು.

ಕೊಡಗನ್ನು ಮಾತ್ರ ಈ ಮಾತಿನಿಂದ ಸ್ವಲ್ಪ ಬೇರೆ ಇಡುತ್ತೇನೆ. ಅಲ್ಲಿ ತೋಕ್, ಅಂದರೆ ಕೋವಿ, ಬೇಟೆಯ ಸಲಕರಣೆ ಅಷ್ಟೇ ಅಲ್ಲ. ಗಂಡುಮಗು ಹುಟ್ಟಿದಾಗ ಗುಂಡು ಹಾರುತ್ತದೆ, ಸಾವಾದಾಗ ಜೋಡಿ ಗುಂಡು ಹಾರುತ್ತದೆ. ಸದ್ದಿನ ಲೆಕ್ಕದಿಂದಲೇ ಗುಡ್ಡದಾಚೆಯವರಿಗೆ ಸುದ್ದಿ ತಿಳಿಯುತ್ತದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು, ನಳಿಗೆಯ ಬಾಯಿಗೆ ಬೆಂಕಿಬಣ್ಣದ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುತ್ತಾರೆ. 1861ರಿಂದ ಬಂದ ಲೈಸೆನ್ಸಿನ ರಿಯಾಯಿತಿಯನ್ನು ಕೇಂದ್ರ ಸರ್ಕಾರ 1963ರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮುಂದುವರಿಸಿತು, 2019ರಲ್ಲಿ 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಕೋವಿ ಹಾರುವುದಕ್ಕೆ ಬೇಟೆ ಕಾರಣವಲ್ಲ. ಆದ್ದರಿಂದ ಬೇಟೆ ನಿಂತ ಮೇಲೂ ಅದು ಅನಾಥವಾಗಲಿಲ್ಲ. ಹುಲಿ ಕೊಂದವನಿಗೆ ಮದುಮಗನಂತೆ ಅಲಂಕಾರ ಮಾಡುತ್ತಿದ್ದ ನರಿಮಂಗಲ ಇವತ್ತು ನಡೆಯುವುದಿಲ್ಲ, ನಡೆಯಲೂ ಬಾರದು. ಹಬ್ಬ ನಡೆಯುತ್ತದೆ. ಒಂದು ವಸ್ತುವಿನ ಅರ್ಥ ಕೊಲ್ಲುವುದರಲ್ಲಿ ಮಾತ್ರ ಇರಬೇಕಾಗಿಲ್ಲ ಎಂಬುದನ್ನು ಆ ಜನ ನಮಗಿಂತ ಮೊದಲೇ ಕಂಡುಕೊಂಡಿದ್ದರು. ಮಲೆನಾಡಿನ ಮತ್ತು ಬಯಲಿನ ಕೋವಿಗೆ ಅಂಥ ಆಸರೆ ಇಲ್ಲ, ಅದರ ಅರ್ಥವನ್ನು ಬರೆದೇ ಉಳಿಸಬೇಕು.

ಕೇಳುವವರು: ಬರೆಯುವುದೆಂದ ಮೇಲೆ ಏನು ಬರೆಯಬೇಕು, ಹೇಳಿ. ಆದರ್ಶ ಬೇಡ. ನಾಳೆ ಬೆಳಿಗ್ಗೆ ಕಪಾಟು ತೆರೆದವನು ಪೆನ್ನು ಹಿಡಿದು ಏನು ಮಾಡಬೇಕು?

ಹೇಳುವವರು: ಒಂದೊಂದು ಕೋವಿಗೆ ಒಂದೊಂದು ಹಾಳೆ. ಮೇಲ್ಭಾಗದಲ್ಲಿ ನಳಿಗೆ ಹೇಳುವುದೆಲ್ಲ: ತಯಾರಕ, ನಂಬರು, ಅಳತೆ, ಮುದ್ರೆಗಳ ಚಿತ್ರ. ಅದರ ಕೆಳಗೆ ಕೈಬದಲಾದ ದಾರಿ, ಯಾರಿಂದ ಯಾರಿಗೆ, ಯಾವ ವರ್ಷ. ಅದರ ಕೆಳಗೆ ಪ್ರಾಣಿಗಳು. ಹುಲಿ ಒಂದು ಎಂದು ಬರೆದು ಬಿಡುವುದಲ್ಲ, ಯಾವ ಕಾಡು, ಯಾವ ತಿಂಗಳು, ಮರಸು ಕೂತೋ ಹಳು ನುಗ್ಗಿಸಿಯೋ ಬ್ಯಾಟರಿ ಬೆಳಕಿನಲ್ಲೋ, ಒಂದು ಈಡಿಗೋ ಮೂರಕ್ಕೋ, ಗಾಯಗೊಂಡು ತಪ್ಪಿಸಿಕೊಂಡವು ಎಷ್ಟು, ಮರಿಯಿದ್ದ ತಾಯಿಗಳು ಎಷ್ಟು. ಬೇಟೆಗಾರರು ಬರೆಯಲು ಹಿಂಜರಿಯುವುದು ಈ ಕೊನೆಯ ಎರಡು ಅಂಕಿಗಳನ್ನೇ, ಮತ್ತು ಕಾಡಿನ ಇತಿಹಾಸ ಬರೆಯುವವನಿಗೆ ಹೆಚ್ಚು ಬೇಕಾದವೂ ಅವೇ. 1972ಕ್ಕೆ ಮುಂಚಿನದ್ದು, 1972ರಿಂದ 1991ರ ನಡುವೆ ಪರವಾನಗಿಯಡಿ ಹೊಡೆದದ್ದು ಎಂದು ಬೇರೆಬೇರೆಯಾಗಿ ಬರೆಯಬೇಕು, ಏಕೆಂದರೆ ನಿಷೇಧ ಒಂದೇ ದಿನದಲ್ಲಿ ಆದದ್ದೆಂದು ಜನ ತಪ್ಪು ತಿಳಿದಿದ್ದಾರೆ. ಮೊದಲ ಕಾಯ್ದೆಯಲ್ಲಿ ದೊಡ್ಡ ಬೇಟೆಗೂ ಸಣ್ಣ ಬೇಟೆಗೂ ಲೈಸೆನ್ಸ್ ಕೊಡುವ ಕಲಮು ಇತ್ತು. ಹಾಳೆಯ ಕೊನೆಯ ಭಾಗ, ನಿಮ್ಮಿಂದ ನಾನು ಇವತ್ತು ಕಲಿತದ್ದು: ದಾರಿ ತೋರಿಸಿದವರು, ಹಳು ನುಗ್ಗಿದವರು, ಗಾಯಗೊಂಡವರು.

ಕೇಳುವವರು: ಆ ಕೊನೆಯ ಭಾಗ ಬಹುಪಾಲು ಹಾಳೆಗಳಲ್ಲಿ ಖಾಲಿ ಇರುತ್ತದೆ.

ಹೇಳುವವರು: ಖಾಲಿ ಇರುತ್ತದೆ, ಏಕೆಂದರೆ ಒಡೆಯನ ಮನೆಯಲ್ಲಿ ಕೂತು ಅದನ್ನು ತುಂಬಲಾಗುವುದಿಲ್ಲ. ಕೋವಿಗೆ ಅವಸರವಿಲ್ಲ; ಎಣ್ಣೆ ಹಚ್ಚಿಟ್ಟರೆ ಉಕ್ಕು ಇನ್ನೂ ನೂರು ವರ್ಷ ತಾಳುತ್ತದೆ. 1972ರಲ್ಲಿ ಇಪ್ಪತ್ತರ ಹುಡುಗನಾಗಿ ಹಳು ನುಗ್ಗಿದವನಿಗೆ ಈಗ ಎಪ್ಪತ್ತು ದಾಟಿದೆ. ಕಪಾಟಿನ ಬೀಗ ಆಮೇಲೆ ತೆಗೆಯಲಿ, ಮೊದಲು ಹಾಡಿಯ ಕಡೆ, ಹಳುವಿನವರ ಕೇರಿಯ ಕಡೆ ಹೋಗಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬರಲಿ.